ಎಸ್ಸೆಸ್ಸೆಲ್ಸಿ ಮುಗಿಸಿ ಕೆಲಸ ಕಲಿಯಲು ಹೊರಟ ಮಕ್ಕಳಿಗೆ ದಾರಿ: ಅಪ್ಪ, ಅಮ್ಮ, ಮೇಷ್ಟ್ರುಗಳು ಓದಬೇಕಾದದ್ದು

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ನನಗೆ ಊರಿನಿಂದ ಫೋನ್ ಮೇಲೆ ಫೋನ್ ಬರುತ್ತದೆ. ನಾನು ಕುಣಿಗಲ್ ಕಡೆಯವನು. ಐಟಿಐನಲ್ಲಿ ಫಿಟ್ಟರ್ ಓದಿ, ಬೆಂಗಳೂರಿನ ಪೀಣ್ಯದ ಒಂದು ಟೂಲ್ ರೂಮಿನಲ್ಲಿ (ಡೈ, ಅಚ್ಚು ಮಾಡುವ ಘಟಕ) ಅಪ್ರೆಂಟಿಸ್ ಆಗಿ, ಅಂದರೆ ಕೆಲಸದ ಜಾಗದಲ್ಲೇ ಕಲಿಯುವವನಾಗಿ ಸೇರಿ, ಅಲ್ಲೇ ಬೆಳೆದವನು. "ಅಣ್ಣ, ಹುಡುಗ ಪಿಯುಸಿ ಓದಲ್ಲ ಅಂತಾನೆ, ಕೆಲಸ ಕಲೀತಾನಂತೆ, ನಿಮ್ಮ ಕಡೆ ಯಾವುದಾದರೂ ಕಂಪನಿಗೆ ಹಾಕಿಸಿಬಿಡಿ" ಅಂತ ಕೇಳುತ್ತಾರೆ. ಹಾಕಿಸುವುದು ಕಷ್ಟವಲ್ಲ. ಪೀಣ್ಯದಲ್ಲಿ ಒಂದು ಸುತ್ತು ಹಾಕಿದರೆ 'ಹುಡುಗರು ಬೇಕಾಗಿದ್ದಾರೆ' ಅನ್ನುವ ಬೋರ್ಡು ಹತ್ತು ಕಡೆ ಕಾಣುತ್ತದೆ. ಆದರೆ ಆ ಜಾಗದಲ್ಲಿ ಕೂರಿಸಿ ಕಲಿಸುವವರು ಇದ್ದಾರಾ? ಕಲಿತ ಮೇಲೆ ಬೆಲೆ ಇರುವ ಒಂದು ಕಾಗದ ಕೈಗೆ ಬರುತ್ತಾ? ನಾನು ಪ್ರತಿ ಸಲ ಕೇಳುವುದು ಈ ಎರಡೇ ಪ್ರಶ್ನೆ. ಕೆಳಗೆ ಬರೆದಿರುವುದೆಲ್ಲ ಈ ಎರಡು ಪ್ರಶ್ನೆಗೆ ಉತ್ತರ ಹುಡುಕುವ ದಾರಿ ಅಂದುಕೊಳ್ಳಿ.

ಹೆಜ್ಜೆ 1: ಒಂಬತ್ತನೇ ಕ್ಲಾಸಿನಲ್ಲೇ ಶುರು ಮಾಡಿ

ರಿಸಲ್ಟ್ ಬಂದ ಮೇಲೆ ಯೋಚಿಸಿದರೆ ತಡವಾಗುತ್ತದೆ. ಎಷ್ಟೋ ಸರ್ಕಾರಿ ಹೈಸ್ಕೂಲುಗಳಲ್ಲಿ ಸಮಗ್ರ ಶಿಕ್ಷಣ ಯೋಜನೆಯ ಕೆಳಗೆ ವೃತ್ತಿ ವಿಷಯ ಇದೆ. ಇದನ್ನು ಎಲ್ಲರೂ ಎನ್‌ಎಸ್‌ಕ್ಯೂಎಫ್ ಅಂತಲೇ ಕರೆಯುತ್ತಾರೆ. ಆಟೊಮೊಬೈಲ್, ಐಟಿ, ರೀಟೇಲ್, ಬ್ಯೂಟಿ ಅಂಡ್ ವೆಲ್‌ನೆಸ್, ಹೀಗೆ ಶಾಲೆಯಿಂದ ಶಾಲೆಗೆ ವಿಷಯ ಬೇರೆ. ನಮ್ಮ ರಾಜ್ಯದಲ್ಲಿ ಇದನ್ನು ತೃತೀಯ ಭಾಷೆಯ ಜಾಗದಲ್ಲಿ ತೆಗೆದುಕೊಳ್ಳಬಹುದು. ಆ ತರಗತಿಗಳ ಜೊತೆ ಹೊರಗಿನಿಂದ ಬಂದವರ ಪಾಠ, ಕಾರ್ಖಾನೆ ಭೇಟಿ ಎರಡೂ ಇರಬೇಕು ಅಂತ ಯೋಜನೆಯಲ್ಲೇ ಇದೆ. ನಿಮ್ಮ ಶಾಲೆಯಲ್ಲಿ ಇದೆಯಾ ಅಂತ ಹೆಡ್‌ಮಾಸ್ಟರ್‌ರನ್ನು ಕೇಳಿ. ಇದ್ದರೆ, ಕಳೆದ ವರ್ಷ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗಿದ್ದಿರಿ ಅಂತಲೂ ಕೇಳಿ. ಆ ಉತ್ತರದಲ್ಲೇ ಗೊತ್ತಾಗುತ್ತದೆ, ವಿಷಯ ಪುಸ್ತಕದಲ್ಲಿದೆಯಾ ಕೈಯಲ್ಲಿದೆಯಾ ಅಂತ.

ಇನ್ನೊಂದು ಮಾತು, ಇದನ್ನು ಮಕ್ಕಳಿಗೇ ಹೇಳಿ. ಕೆಲಸ ಕಲಿಯಲು ಮಾರ್ಕ್ಸ್ ಬೇಡ ಅನ್ನುವುದು ತಪ್ಪು. ಸರ್ಕಾರಿ ಐಟಿಐ ಸೀಟು ಹಂಚುವುದು ಎಸ್ಸೆಸ್ಸೆಲ್ಸಿ ಅಂಕ ನೋಡಿ. ರೈಲ್ವೆ ಅಪ್ರೆಂಟಿಸ್ ಆಯ್ಕೆಯಲ್ಲಿ ಹತ್ತನೇ ತರಗತಿಯ ಅಂಕ ಮತ್ತು ಐಟಿಐ ಅಂಕ ಸೇರಿಸಿ ಸರಾಸರಿ ತೆಗೆಯುತ್ತಾರೆ, ಹತ್ತನೆಯದರಲ್ಲಿ ಕನಿಷ್ಠ 50% ಇರಲೇಬೇಕು. 48 ಬಂದ ಹುಡುಗ ಮೂರು ವರ್ಷ ಆದ ಮೇಲೆ ಹುಬ್ಬಳ್ಳಿ ವರ್ಕ್‌ಶಾಪ್ ಅರ್ಜಿ ಹಿಡಿದುಕೊಂಡು ನನ್ನ ಮುಂದೆ ಕೂತಿದ್ದನ್ನು ನೋಡಿದ್ದೇನೆ. ಗಣಿತದಲ್ಲಿ ಇನ್ನು ನಾಲ್ಕು ಲೆಕ್ಕ ಬಿಡಿಸಿದ್ದರೆ ಸಾಕಿತ್ತು.

ಹೆಜ್ಜೆ 2: ಒಂದು ದಿನ ಕರೆದುಕೊಂಡು ಹೋಗಿ ನಿಲ್ಲಿಸಿ

ಎಲ್ಲಕ್ಕಿಂತ ಮುಖ್ಯ ಅಂತ ನನಗೆ ಅನಿಸುವುದು ಈ ಹೆಜ್ಜೆ. ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ.

ಹೋದ ಬೇಸಿಗೆಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ, ಒಂಬತ್ತನೇ ಕ್ಲಾಸು, ಅವರಪ್ಪನ ಜೊತೆ ನಮ್ಮ ವರ್ಕ್‌ಶಾಪಿಗೆ ಬಂದಿದ್ದಳು. ಮಾಲೀಕರನ್ನು ಮೊದಲೇ ಕೇಳಿದ್ದೆ. ಮೆಷಿನ್ ಹತ್ತಿರ ಬಿಡಲಿಲ್ಲ. ಬೆಂಚ್ ವೈಸಿಗೆ ಒಂದು ಮೆದು ಉಕ್ಕಿನ (ಎಂಎಸ್) ಪೀಸ್ ಕಚ್ಚಿಸಿ, ಕೈಗೆ ಲೋಹ ಉಜ್ಜುವ ಅರ ಕೊಟ್ಟೆ. ಮುಂದಕ್ಕೆ ತಳ್ಳುವಾಗ ಒತ್ತಬೇಕು, ಹಿಂದಕ್ಕೆ ಎಳೆಯುವಾಗ ಹಗುರವಾಗಿ ಬಿಡಬೇಕು, ಅಷ್ಟೇ ಹೇಳಿದ್ದು. ಅರ್ಧ ಗಂಟೆ ಉಜ್ಜಿದಳು. ಆಮೇಲೆ ಪೀಸಿನ ಮೇಲೆ ಟ್ರೈ ಸ್ಕ್ವೇರ್ (ಮೂಲೆಮಟ್ಟ) ಇಟ್ಟು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದೆ. ನಡುವೆ ಅಂಟಿಕೊಂಡು ಕೂತಿತ್ತು, ಎರಡೂ ತುದಿಯಲ್ಲಿ ಬೆಳಕು ಸೋರುತ್ತಿತ್ತು. ಹೊಸಬರು ಉಜ್ಜಿದರೆ ಹೀಗೇ, ಕೈ ತೂಗಿ ಮಧ್ಯ ಉಬ್ಬಾಗುತ್ತದೆ. "ಮಾವ, ಇನ್ನೊಂದು ಸಲ ಮಾಡ್ಲಾ?" ಅಂದಳು. ಊಟದ ಬೆಲ್ ಆದರೂ ಬಿಡಲಿಲ್ಲ. ಅಂಗೈಯಲ್ಲಿ ಗುಳ್ಳೆ ಬಂದಿತ್ತು. ಸಂಜೆ ಹೊತ್ತಿಗೆ ಒಂದು ತುದಿಯ ಬೆಳಕು ಮುಚ್ಚಿತ್ತು.

ಅದೇ ವಾರ ಇನ್ನೊಬ್ಬ ಹುಡುಗ ಬಂದಿದ್ದ, ಹತ್ತು ನಿಮಿಷಕ್ಕೆ ಅರ ಕೆಳಗಿಟ್ಟು ಆಫೀಸ್ ರೂಮಿನಲ್ಲಿ ಡ್ರಾಯಿಂಗ್ ಮಾಡುವವರ ಕಂಪ್ಯೂಟರ್ ಹಿಂದೆ ಹೋಗಿ ನಿಂತ. ಅವನಿಗೆ ಒಂದು ಗಂಟೆ ಅಲ್ಲಿಂದ ಕಣ್ಣು ಕೀಳಲಾಗಲಿಲ್ಲ. ಅವನಿಗೂ ದಾರಿ ಸಿಕ್ಕಿತು ಅಲ್ವಾ. ಒಂದು ದಿನದಲ್ಲಿ ಗೊತ್ತಾಗುವ ಈ ವಿಷಯ ಎರಡು ವರ್ಷ ಫೀಸು ಕಟ್ಟಿದ ಮೇಲೆ ಗೊತ್ತಾದರೆ ನಷ್ಟ ಯಾರಿಗೆ?

ಮೇಷ್ಟ್ರುಗಳಿಗೆ ಒಂದು ಮಾತು. ದೊಡ್ಡ ಕಂಪನಿಗೆ ಪತ್ರ ಬರೆದು ತಿಂಗಳುಗಟ್ಟಲೆ ಕಾಯಬೇಡಿ. ತಾಲ್ಲೂಕಿನ ಗ್ಯಾರೇಜು, ರೈಸ್ ಮಿಲ್ಲು, ಹಾಲಿನ ಡೈರಿ, ಪ್ರಿಂಟಿಂಗ್ ಪ್ರೆಸ್ಸು, ಪಂಪ್‌ಸೆಟ್ ರಿವೈಂಡಿಂಗ್ ಅಂಗಡಿ, ಇವೇ ಸಾಕು. ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಹತ್ತಿರದ ಘಟಕಗಳ ಬಗ್ಗೆ ವಿಚಾರಿಸಿ. ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ ಇದೆ, ಪೀಣ್ಯದಲ್ಲಿ ಪೀಣ್ಯ ಕೈಗಾರಿಕಾ ಸಂಘ ಇದೆ, ಅವರ ಮೂಲಕ ಹೋದರೆ ಮಾಲೀಕರು ಬೇಗ ಒಪ್ಪುತ್ತಾರೆ. ಒಂದು ಸಲಕ್ಕೆ ಹತ್ತು ಮಕ್ಕಳಿಗಿಂತ ಜಾಸ್ತಿ ಬೇಡ. ಶೂ ಇರಲಿ, ಜಡೆ ಕಟ್ಟಿರಲಿ, ದುಪಟ್ಟಾ, ಕೈಗೆ ಕಟ್ಟಿದ ದಾರ, ಬಳೆ ಯಾವುದೂ ತೂಗಾಡದಿರಲಿ, ಯಾಕೆಂದರೆ ಲೋಹವನ್ನು ತಿರುಗಿಸಿ ಕಡೆಯುವ ಮೆಷಿನ್, ಲೇತ್, ಒಂದು ಎಳೆ ದಾರ ಸಿಕ್ಕಿದರೂ ಕೈಯನ್ನೇ ಎಳೆದುಕೊಳ್ಳುತ್ತದೆ. ಪೋಷಕರ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ತಿಂಗಳಿಗೊಂದು ಸಂಭ್ರಮ ಶನಿವಾರ, ಅಂದರೆ ಬ್ಯಾಗಿಲ್ಲದ ದಿನ, ಬರುತ್ತದೆ, ಅದರಲ್ಲಿ ಒಂದನ್ನು ಇದಕ್ಕೆ ಇಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಮಕ್ಕಳಿಗೇ ಬ್ಯಾಗಿಲ್ಲದ 10 ದಿನ ಇಟ್ಟು ಬಡಗಿ, ತೋಟಗಾರ, ಕುಂಬಾರರ ಹತ್ತಿರ ಕಲಿಯಲಿ ಅಂದಿದೆ. ಹೈಸ್ಕೂಲಿನವರಿಗೆ ಒಂದು ದಿನವಾದರೂ ಬೇಡವೇ?

ನೋಡಲು ಹೋಗುವುದು ಬೇರೆ, ದುಡಿಸುವುದು ಬೇರೆ. 14 ವರ್ಷದ ಒಳಗಿನ ಮಗುವನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರ ತನಕ ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಗಣಿ, ಸ್ಫೋಟಕ, ಬೇಗ ಹೊತ್ತಿಕೊಳ್ಳುವ ವಸ್ತುಗಳ ಕೆಲಸ ಎಲ್ಲ ಇದರಲ್ಲಿ ಬರುತ್ತದೆ. ಬೇಸಿಗೆ ರಜದಲ್ಲಿ 'ಸುಮ್ನೆ ಕಲೀಲಿ' ಅಂತ ಪಟಾಕಿ ಅಂಗಡಿಗೋ ಕ್ವಾರಿಗೋ ಕಳಿಸಬೇಡಿ.

ಹೆಜ್ಜೆ 3: ನಿಮ್ಮ ಸುತ್ತ ಯಾವ ಕೆಲಸ ಇದೆ ನೋಡಿ

ಎಲ್ಲರೂ ಬೆಂಗಳೂರಿಗೇ ಬರಬೇಕಿಲ್ಲ. ಬೆಳಗಾವಿಯಲ್ಲಿ ಫೌಂಡ್ರಿ, ಹೈಡ್ರಾಲಿಕ್ಸ್, ವಿಮಾನದ ಬಿಡಿಭಾಗ ಮಾಡುವ ಘಟಕಗಳಿವೆ. ಶಿವಮೊಗ್ಗದಲ್ಲೂ ಫೌಂಡ್ರಿ. ತೋರಣಗಲ್ಲಿನಲ್ಲಿ ಉಕ್ಕು. ನರಸಾಪುರದಲ್ಲಿ ಬೈಕು ಮತ್ತು ಎಲೆಕ್ಟ್ರಾನಿಕ್ಸ್. ದೊಡ್ಡಬಳ್ಳಾಪುರದಲ್ಲಿ ಬಟ್ಟೆ. ತುಮಕೂರಿನ ವಸಂತನರಸಾಪುರ, ಮಂಗಳೂರಿನ ಬೈಕಂಪಾಡಿ, ಹುಬ್ಬಳ್ಳಿಯ ಗೋಕುಲ ರೋಡ್, ಎಲ್ಲ ಕಡೆ ಹುಡುಗರನ್ನು ಹುಡುಕುತ್ತಲೇ ಇದ್ದಾರೆ. ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಯಾವ ಟ್ರೇಡಿಗೆ (ಫಿಟ್ಟರ್, ವೆಲ್ಡರ್ ಥರದ ಕಸುಬು) ಕೆಲಸ ಇದೆಯೋ ಅದನ್ನು ಮೊದಲು ನೋಡಿ. ಕಲಿಯುವ ಹೊತ್ತಿನಲ್ಲಿ ತಿಂಗಳಿಗೆ ಸ್ಟೈಪೆಂಡ್ ಅಂತ ಬರುವ ದುಡ್ಡಿನಲ್ಲಿ ಪಿಜಿ ಬಾಡಿಗೆ, ಊಟ ಎರಡೂ ತೂಗಿಸುವುದು ಕಷ್ಟ. ಮಗು ಮಧ್ಯದಲ್ಲಿ ಬಿಟ್ಟು ಬರುವುದು ಹೆಚ್ಚಾಗಿ ಇದೇ ಕಾರಣಕ್ಕೆ, ಕೆಲಸ ಇಷ್ಟವಾಗದೆ ಅಲ್ಲ.

ಹೆಜ್ಜೆ 4: ಎಸ್ಸೆಸ್ಸೆಲ್ಸಿ ಆದ ಮೇಲಿನ ದಾರಿಗಳಲ್ಲಿ ಒಂದನ್ನು ಹಿಡಿಯಿರಿ

ಐಟಿಐ. ಫಿಟ್ಟರ್, ಎಲೆಕ್ಟ್ರಿಷಿಯನ್, ಟರ್ನರ್, ಮೆಷಿನಿಸ್ಟ್ 2 ವರ್ಷ. ವೆಲ್ಡರ್ 1 ವರ್ಷ. ಸೇರುವ ಮುಂಚೆ ಒಂದು ಕೆಲಸ ಮಾಡಿ: ಕಾಲೇಜಿನ ವರ್ಕ್‌ಶಾಪಿಗೆ ಹೋಗಿ ಲೇತ್‌ನ ಕೆಳಗೆ ನೋಡಿ. ಕಬ್ಬಿಣದ ಚೂರು, ಎಣ್ಣೆ ಜಿಡ್ಡು ಇದ್ದರೆ ಮೆಷಿನ್ ಓಡುತ್ತಿದೆ. ಕವರ್ ಹಾಕಿ ಧೂಳು ಹಿಡಿದಿದ್ದರೆ ಅಲ್ಲಿ ಮಕ್ಕಳು ಥಿಯರಿ ಬರೆದುಕೊಂಡು ಮನೆಗೆ ಹೋಗುತ್ತಿದ್ದಾರೆ ಅಂತ ಅರ್ಥ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಹೊಸದು ಮಾಡಿದ್ದಾರೆ, 2022ರಲ್ಲಿ ಅವನ್ನು ಉದ್ಘಾಟಿಸಿದರು. ಕಂಪ್ಯೂಟರ್ ನಡೆಸುವ ಮೆಷಿನ್ (ಸಿಎನ್‌ಸಿ), ರೋಬೋಟ್, ಎಲೆಕ್ಟ್ರಿಕ್ ವಾಹನದ ಲ್ಯಾಬ್ ಅಲ್ಲಿವೆ. ನಿಮ್ಮ ತಾಲ್ಲೂಕಿನದು ಆ ಪಟ್ಟಿಯಲ್ಲಿದೆಯಾ ವಿಚಾರಿಸಿ.

ಐಟಿಐನಲ್ಲೇ ಡಿಎಸ್‌ಟಿ (ಡ್ಯುಯಲ್ ಸಿಸ್ಟಮ್ ಆಫ್ ಟ್ರೈನಿಂಗ್) ಅಂತ ಒಂದು ಬ್ಯಾಚ್ ಇರುತ್ತದೆ, ಎಲ್ಲ ಕಡೆ ಇಲ್ಲ. ಥಿಯರಿ ಐಟಿಐನಲ್ಲಿ, ಪ್ರಾಕ್ಟಿಕಲ್ ಕಂಪನಿಯಲ್ಲಿ. ಜರ್ಮನಿಯ ಮಾದರಿ ನೋಡಿ 2016ರಲ್ಲಿ ಶುರು ಮಾಡಿದ್ದು. 2 ವರ್ಷದ ಟ್ರೇಡಿನಲ್ಲಿ 6ರಿಂದ 12 ತಿಂಗಳು ಕಂಪನಿಯಲ್ಲೇ ಕಳೆಯುತ್ತಾರೆ. ಸಿಗುವುದಾದರೆ ಕಣ್ಣು ಮುಚ್ಚಿ ಅದನ್ನೇ ತೆಗೆದುಕೊಳ್ಳಿ ಅಂತ ನಾನು ಹೇಳುತ್ತೇನೆ, ಏಕೆಂದರೆ ಹೊಸ ಮೆಷಿನ್ ಮುಂದೆ ನಿಂತು ಕಲಿತವನಿಗೂ ಹಳೇ ಲೇತ್ ನೋಡಿ ಚಿತ್ರ ಬರೆದವನಿಗೂ ಇಂಟರ್‌ವ್ಯೂನಲ್ಲಿ ಎರಡೇ ನಿಮಿಷಕ್ಕೆ ವ್ಯತ್ಯಾಸ ಗೊತ್ತಾಗಿಬಿಡುತ್ತದೆ. ಸಣ್ಣ ಅಳತೆ ತೆಗೆಯುವ ಒಂದು ವರ್ನಿಯರ್ ಕೊಟ್ಟು ರೀಡಿಂಗ್ ಹೇಳು ಅಂದರೆ ಸಾಕು.

ಜಿಟಿಟಿಸಿ. ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾಗಿದ್ದು, ಈಗ ರಾಜ್ಯದ ಬೇರೆ ಬೇರೆ ಜಿಲ್ಲೆಗಳಲ್ಲಿ ಕೇಂದ್ರಗಳಿವೆ. ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾ ಎಸ್ಸೆಸ್ಸೆಲ್ಸಿ ಆದವರಿಗೆ, 3 ವರ್ಷ ಓದು, ಅದರ ಮೇಲೆ 1 ವರ್ಷ ಕಂಪನಿಯಲ್ಲಿ ತರಬೇತಿ. ಅಲ್ಲಿ ಹೊರಗಿನ ಕಂಪನಿಗಳಿಗೆ ನಿಜವಾದ ಡೈ, ಮೋಲ್ಡ್ ಮಾಡಿಕೊಡುತ್ತಾರೆ, ಆ ಕೆಲಸದ ನಡುವೆಯೇ ಮಕ್ಕಳು ಕಲಿಯುತ್ತಾರೆ. ಹೋಲಿಸಿ ನೋಡಿದರೆ ಫೀಸು ಸರ್ಕಾರಿ ಐಟಿಐಗಿಂತ ಜಾಸ್ತಿ, ದಿನದ ಹೊತ್ತೂ ಜಾಸ್ತಿ. ಆದರೆ ಅಲ್ಲಿಂದ ಬಂದ ಹುಡುಗರನ್ನು ನಮ್ಮಲ್ಲಿ ಹುಡುಕಿಕೊಂಡು ಹೋಗಿ ಕರೆಯುತ್ತಾರೆ. ಇದೇ ರೀತಿ ಎನ್‌ಟಿಟಿಎಫ್ ಇದೆ, 1959ರಲ್ಲಿ ಕೇರಳದ ತಲಶ್ಶೇರಿ ಹತ್ತಿರದ ನೆಟ್ಟೂರಿನಲ್ಲಿ ಹುಟ್ಟಿದ್ದು. ಅದು ಸರ್ಕಾರಿ ಅಲ್ಲ, ಫೀಸಿನ ಲೆಕ್ಕ ಮೊದಲು ಹಾಕಿಕೊಳ್ಳಿ.

ಕಂಪನಿಯೇ ನಡೆಸುವ ಶಾಲೆ. ಬಿಡದಿಯಲ್ಲಿ ಟೊಯೋಟಾ ಟೆಕ್ನಿಕಲ್ ಟ್ರೈನಿಂಗ್ ಇನ್‌ಸ್ಟಿಟ್ಯೂಟ್ 2007ರಿಂದ ನಡೆಯುತ್ತಿದೆ. ಹತ್ತನೇ ತರಗತಿ ಆದ, ಬಡ ಕುಟುಂಬದ ಹಳ್ಳಿ ಮಕ್ಕಳಿಗೆ 3 ವರ್ಷದ ತರಬೇತಿ, ಅಲ್ಲೇ ವಾಸ. ಸೀಟು ಕಡಿಮೆ, ಪರೀಕ್ಷೆ ಕಷ್ಟ. ಅರ್ಜಿ ಹಾಕಿ, ಆದರೆ ಅದೊಂದನ್ನೇ ನಂಬಿ ಕೂರಬೇಡಿ.

ನೇರ ಅಪ್ರೆಂಟಿಸ್. ಐಟಿಐ ಇಲ್ಲದೆಯೂ ಹತ್ತನೇ ತರಗತಿ ಪಾಸಾದವರು ಸೇರಬಹುದು, ಮೊದಲು ಬೇಸಿಕ್ ಟ್ರೈನಿಂಗ್, ಆಮೇಲೆ ಕೆಲಸದ ಜಾಗದಲ್ಲಿ ತರಬೇತಿ. ಮನೆಯಲ್ಲಿ ತಕ್ಷಣ ದುಡ್ಡು ಬೇಕಾದವರಿಗೆ ಮಾತ್ರ ಇದನ್ನು ಹೇಳುತ್ತೇನೆ. ಆಗುವುದಾದರೆ ಐಟಿಐ ಮುಗಿಸಿ ಅಪ್ರೆಂಟಿಸ್ ಆಗುವುದೇ ಒಳ್ಳೆಯದು. ಎಚ್‌ಎಎಲ್, ಬಿಇಎಲ್, ರೈಲ್ವೆ ಕರೆಯುವುದು ಐಟಿಐ ಆದವರನ್ನು. ರೈಲ್ವೆಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಲೆವೆಲ್ 1 (ಮೊದಲ ಮೆಟ್ಟಿಲಿನ ಹುದ್ದೆಗಳು) ನೇಮಕಾತಿಯಲ್ಲಿ 20% ಹುದ್ದೆ ಮೀಸಲಿದೆ.

ಅಪ್ಪ ಅಮ್ಮಂದಿರಿಗೆ ಒಂದು ಭಯ ಇರುತ್ತದೆ, ಇದಕ್ಕೆ ಸೇರಿದರೆ ಓದು ಅಲ್ಲಿಗೇ ನಿಂತುಹೋಯಿತು ಅಂತ. ನಿಲ್ಲುವುದಿಲ್ಲ. 2 ವರ್ಷದ ಐಟಿಐ ಆದವರು ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷದ ಡಿಪ್ಲೊಮಾಗೆ ಹೋಗಬಹುದು. ಡಿಪ್ಲೊಮಾ ಆದವರು ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಎರಡನೇ ವರ್ಷದ ಬಿಇಗೆ ಹೋಗಬಹುದು. ನಮ್ಮ ಟೂಲ್ ರೂಮಿನ ಡಿಸೈನ್ ವಿಭಾಗದಲ್ಲಿ ಹಾಗೆ ಮೆಟ್ಟಿಲು ಹತ್ತಿ ಬಂದವರು ಇಬ್ಬರಿದ್ದಾರೆ. ಡ್ರಾಯಿಂಗ್‌ನಲ್ಲಿ ಒಂದು ಅಳತೆ ಹಾಕುವಾಗ ಅದನ್ನು ಕೆಳಗೆ ಮೆಷಿನ್ ಮೇಲೆ ಹೇಗೆ ಹಿಡಿಯುತ್ತಾರೆ ಅಂತ ಅವರಿಗೆ ಮೊದಲೇ ಗೊತ್ತಿರುತ್ತದೆ.

ಹೆಜ್ಜೆ 5: ಕಾಗದಪತ್ರ

ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಟಿಸಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ. ಖಾತೆ ಮಗುವಿನ ಹೆಸರಿನಲ್ಲೇ ಇರಲಿ. ಎಲ್ಲದರಲ್ಲೂ ಹೆಸರು, ಇನಿಷಿಯಲ್, ಹುಟ್ಟಿದ ದಿನ ಒಂದೇ ಥರ ಇದೆಯಾ ನೋಡಿ. ಇಲ್ಲದಿದ್ದರೆ ರಿಸಲ್ಟ್‌ಗೆ ಮುಂಚೆಯೇ ಸರಿ ಮಾಡಿಸಿ, ಆಮೇಲೆ ಸೇವಾ ಕೇಂದ್ರಗಳಲ್ಲಿ ಸಾಲು ಉದ್ದ ಇರುತ್ತದೆ.

ಹೆಜ್ಜೆ 6: ಸಹಿ ಹಾಕುವ ಮುಂಚೆ ಒಪ್ಪಂದ ಓದಿ

ನನ್ನ ಅಕ್ಕನ ಮಗ ಎರಡು ವರ್ಷದ ಹಿಂದೆ ಒಂದು ಕಂಪನಿಗೆ ಅಪ್ರೆಂಟಿಸ್ ಅಂತ ಸೇರಿದ. ಏಜೆಂಟ್ ಒಬ್ಬ ಸೇರಿಸಿದ್ದು. ಐಡಿ ಕಾರ್ಡ್ ಮೇಲೆ 'ಟ್ರೈನಿ' ಅಂತ ಇತ್ತು, ಎಲ್ಲರಿಗೂ ಖುಷಿ. ಆರು ತಿಂಗಳು ಅವನು ಮಾಡಿದ್ದು ಪ್ಯಾಕಿಂಗ್ ಡಬ್ಬ ಹೊತ್ತಿದ್ದು, ಲಾರಿಗೆ ಲೋಡ್ ಮಾಡಿದ್ದು. ರಾತ್ರಿ ಹನ್ನೊಂದರ ತನಕ ಓಟಿ. ಸರ್ಟಿಫಿಕೇಟ್ ಯಾವಾಗ ಅಂತ ಕೇಳಿದರೆ ನೋಡೋಣ ಅಂದರು. ಕೊನೆಗೆ ನಾನು ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಹುಡುಕಿದೆ, ಅವನ ಹೆಸರಿನಲ್ಲಿ ಒಪ್ಪಂದವೇ ಇರಲಿಲ್ಲ. ಸೇರಿದ ದಿನವೇ ನಾನು ನೋಡಬೇಕಿತ್ತು. ಆ ಆರು ತಿಂಗಳು ಅವನಿಗೆ ವಾಪಸ್ ಬರಲಿಲ್ಲ. ಆ ಸಂಕಟ ಇನ್ನೂ ನನ್ನಲ್ಲಿದೆ, ಅದಕ್ಕೇ ಈ ಭಾಗ ಬಿಡಿಸಿ ಬರೆಯುತ್ತಿದ್ದೇನೆ.

1961ರ ಅಪ್ರೆಂಟಿಸ್ ಕಾಯ್ದೆ ಇದಕ್ಕೆಲ್ಲ ತಳಪಾಯ. ಸೇರಲು ಕನಿಷ್ಠ 14 ವರ್ಷ, ಅಪಾಯದ ಕೈಗಾರಿಕೆ ಆದರೆ 18. ಮಗುವಿಗೆ 18 ತುಂಬಿಲ್ಲದಿದ್ದರೆ ಒಪ್ಪಂದಕ್ಕೆ ಪೋಷಕರು ಸಹಿ ಹಾಕಬೇಕು, ಅಂದರೆ ನೀವೇ. ಒಪ್ಪಂದ ಕೇಂದ್ರ ಸರ್ಕಾರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ದಾಖಲಾಗಿ ಅದಕ್ಕೊಂದು ನಂಬರ್ ಬರಬೇಕು. ಮಗುವಿನ ಲಾಗಿನ್‌ನಲ್ಲಿ ತೆರೆದು ನೀವೇ ಕಣ್ಣಾರೆ ನೋಡಿ. ಟ್ರೇಡ್ ಯಾವುದು, ಎಷ್ಟು ತಿಂಗಳು, ಸ್ಟೈಪೆಂಡ್ ಎಷ್ಟು, ಈ ಮೂರು ಸಾಲು ಓದಿ. ಏಜೆಂಟ್ ದುಡ್ಡು ಕೇಳಿದರೆ ಎದ್ದು ಬನ್ನಿ. ಅಪ್ರೆಂಟಿಸ್ ಆಗಲು ಯಾರಿಗೂ ಒಂದು ರೂಪಾಯಿ ಕೊಡಬೇಕಿಲ್ಲ.

ಸೂಪರ್‌ವೈಸರ್ ಹೇಳಿದ ಅಂತ ಓವರ್‌ಟೈಮ್ ಮಾಡಿಸುವಂತಿಲ್ಲ, ಅದಕ್ಕೆ ಅಪ್ರೆಂಟಿಸ್‌ಶಿಪ್ ಸಲಹೆಗಾರರ, ಅಂದರೆ ಇದನ್ನು ನೋಡಿಕೊಳ್ಳುವ ಸರ್ಕಾರಿ ಅಧಿಕಾರಿಯ, ಒಪ್ಪಿಗೆ ಬೇಕು. ತರಬೇತಿ ವೇಳೆ ಗಾಯವಾದರೆ ಪರಿಹಾರ ಕೊಡುವ ಹೊಣೆ ಮಾಲೀಕರದ್ದು. ಅಪ್ರೆಂಟಿಸ್ ನೌಕರನಲ್ಲ, ಹಾಗಾಗಿ ಪಿಎಫ್ ಹಿಡಿಯುವುದಿಲ್ಲ. ಮುಗಿದ ಮೇಲೆ ಅಲ್ಲೇ ಕೆಲಸ ಕೊಡಲೇಬೇಕು ಅಂತಲೂ ಇಲ್ಲ. 'ಪರ್ಮನೆಂಟ್ ಗ್ಯಾರಂಟಿ' ಅಂತ ಬಾಯಲ್ಲಿ ಹೇಳಿದರೆ ಒಪ್ಪಂದದಲ್ಲಿ ಬರೆದುಕೊಡಿ ಅನ್ನಿ.

ಹೆಜ್ಜೆ 7: ದುಡ್ಡಿನ ಲೆಕ್ಕ

2019ರ ನಿಯಮದ ಪ್ರಕಾರ ಹತ್ತನೇ ತರಗತಿ ಪಾಸಾದವರಿಗೆ ತಿಂಗಳಿಗೆ ಕನಿಷ್ಠ 6,000 ರೂಪಾಯಿ, ಐಟಿಐ ಆದವರಿಗೆ 7,000. ಎರಡನೇ ವರ್ಷ ಇದಕ್ಕೆ 10% ಸೇರುತ್ತದೆ. 2025ರ ಮೇ ತಿಂಗಳಲ್ಲಿ ಕೇಂದ್ರದ ಅಪ್ರೆಂಟಿಸ್‌ಶಿಪ್ ಕೌನ್ಸಿಲ್ 36% ಏರಿಸಲು ಶಿಫಾರಸು ಮಾಡಿತು, ಆದ್ದರಿಂದ ಸಹಿ ಹಾಕುವ ದಿನ ಪೋರ್ಟಲ್‌ನಲ್ಲಿ ಆಗಿನ ದರ ನೋಡಿಕೊಳ್ಳಿ. ಇದು ಕನಿಷ್ಠ, ಒಳ್ಳೆಯ ಕಂಪನಿಗಳು ಇದಕ್ಕಿಂತ ಜಾಸ್ತಿ ಕೊಡುತ್ತವೆ. ಕೇಂದ್ರದ ನ್ಯಾಪ್ಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ) ಯೋಜನೆಯಲ್ಲಿ ಸ್ಟೈಪೆಂಡಿನ 25%, ಹೆಚ್ಚೆಂದರೆ 1,500 ರೂಪಾಯಿ, ಸರ್ಕಾರ ನೇರ ಮಗುವಿನ ಖಾತೆಗೆ ಹಾಕುತ್ತದೆ. ಹಾಗಾಗಿ ಒಂದೇ ತಿಂಗಳಲ್ಲಿ ಎರಡು ಕಡೆಯಿಂದ ದುಡ್ಡು ಬರಬಹುದು, ಗಾಬರಿಯಾಗಬೇಡಿ. ಎರಡೂ ಸೇರಿ ಒಪ್ಪಂದದಲ್ಲಿ ಇರುವಷ್ಟು ಆಗುತ್ತಾ ಅಂತ ಪಾಸ್‌ಬುಕ್ ನೋಡಿ.

30 ಅಥವಾ ಹೆಚ್ಚು ಜನ ಇರುವ ಕಂಪನಿ ಒಟ್ಟು ಜನಬಲದ 2.5%ರಿಂದ 15% ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ನೀವು ಹೋಗಿ ಕೇಳುವುದು ಉಪಕಾರ ಅಲ್ಲ, ಧೈರ್ಯವಾಗಿ ಕೇಳಿ.

ಹೆಣ್ಣುಮಕ್ಕಳನ್ನು ಕಳಿಸುವವರು ಇನ್ನಷ್ಟು ಕೇಳಿ

ಶಾಪ್ ಫ್ಲೋರ್‌ನಲ್ಲಿ ಬೇರೆ ಹೆಂಗಸರು ಎಷ್ಟು ಜನ ಇದ್ದಾರೆ? ಟಾಯ್ಲೆಟ್ ಎಲ್ಲಿದೆ, ಬೀಗ ಹಾಕಿದೆಯಾ? ಶಿಫ್ಟ್ ಬಿಟ್ಟ ಮೇಲೆ ಬಸ್ ಇದೆಯಾ, ಗೇಟಿನಿಂದ ಬಸ್ ಸ್ಟಾಪಿನ ತನಕ ದೀಪ ಇದೆಯಾ? ದೂರು ಕೊಡಲು ಸಮಿತಿ ಇದೆಯಾ, ಅದರಲ್ಲಿ ಯಾರಿದ್ದಾರೆ? ನಾಚಿಕೊಳ್ಳದೆ ಕೇಳಿ, ಒಂದು ಸಲ ಸಂಜೆ ಆ ರಸ್ತೆಯಲ್ಲಿ ನೀವೇ ನಡೆದು ನೋಡಿ. ಆದರೆ 'ಹುಡುಗಿಗೆ ಫಿಟ್ಟರ್ ಯಾಕೆ' ಅನ್ನುವ ಮಾತು ಮಾತ್ರ ಬೇಡ. ನಮ್ಮಲ್ಲಿ ಅಳತೆ ತೆಗೆಯುವ ಕ್ವಾಲಿಟಿ ವಿಭಾಗದಲ್ಲಿ ನಾನು ಕಣ್ಣು ಮುಚ್ಚಿ ನಂಬುವ ಕೈ ಒಂದು ಹೆಣ್ಣುಮಗಳದು. ಅವಳು 0.02 ಮಿಲಿಮೀಟರ್ ವ್ಯತ್ಯಾಸ ಹಿಡಿದ ಪೀಸನ್ನು ನಾನು ಮತ್ತೆ ಅಳೆದು ನೋಡುವುದಿಲ್ಲ.

ಹೆಜ್ಜೆ 8: ಸೇರಿದ ಮೊದಲ ಮೂರು ತಿಂಗಳು

ಮೊದಲ ವಾರ ಕಾಲು ನೋಯುತ್ತದೆ. ದಿನಕ್ಕೆ ಎಂಟು ಗಂಟೆ ನಿಂತು ಅಭ್ಯಾಸ ಇರುವುದಿಲ್ಲ ಅಲ್ವಾ. ಮನೆಗೆ ಬಂದು 'ನಾನು ಹೋಗಲ್ಲ' ಅಂದರೆ ಬೈಯಬೇಡಿ, ಹೌದು ಅಂತಲೂ ಅನ್ನಬೇಡಿ. ಎರಡು ವಾರ ತಡೆಯಿರಿ. ಒಳ್ಳೆಯ ಸೇಫ್ಟಿ ಶೂ ಕೊಡಿಸಿ, ಕಂಪನಿ ಕೊಟ್ಟಿದ್ದು ಅಳತೆಗೆ ಸರಿ ಇಲ್ಲದಿದ್ದರೆ ಬದಲಾಯಿಸಿಕೊಳ್ಳಲು ಹೇಳಿ. ಬಿಸಿನೀರಿನಲ್ಲಿ ಉಪ್ಪು ಹಾಕಿ ಕಾಲಿಟ್ಟುಕೊಂಡು ಕೂರಲಿ, ನಮ್ಮಮ್ಮ ನನಗೆ ಮಾಡುತ್ತಿದ್ದದ್ದು ಅದೇ.

ಒಂದು 100 ಪುಟದ ನೋಟ್ ಪುಸ್ತಕ ಕೊಡಿ. ದಿನಾ ಸಂಜೆ ನಾಲ್ಕು ಸಾಲು ಬರೆಯಲಿ, ಕನ್ನಡದಲ್ಲೇ ಬರೆಯಲಿ. ಇವತ್ತು ಯಾವ ಮೆಷಿನ್, ಯಾವ ಕೆಲಸ, ಯಾರು ಹೇಳಿಕೊಟ್ಟರು, ಏನು ತಪ್ಪಾಯಿತು. ಮೂರು ತಿಂಗಳಾದ ಮೇಲೆ ಒಂದು ಭಾನುವಾರ ನೀವು ಅದನ್ನು ಓದಿ. 'ಡ್ರಿಲ್ ಮಾಡಿದೆ', 'ಡ್ರಾಯಿಂಗ್ ಓದಲು ಹೇಳಿಕೊಟ್ಟರು', 'ಟೂಲ್ ಗ್ರೈಂಡ್ ಮಾಡಿದೆ, ಆಂಗಲ್ ತಪ್ಪಾಯಿತು' ಅಂತ ಬೇರೆ ಬೇರೆ ಸಾಲು ಕಂಡರೆ ಮಗು ಸರಿಯಾದ ಜಾಗದಲ್ಲಿದೆ. ಮೂರು ತಿಂಗಳೂ 'ಲೋಡಿಂಗ್' ಅಂತ ಒಂದೇ ಸಾಲು ಇದ್ದರೆ ಸೋಮವಾರ ಬೆಳಗ್ಗೆ ಆ ಪುಸ್ತಕ, ಒಪ್ಪಂದದ ಪ್ರಿಂಟ್ ಎರಡೂ ಹಿಡಿದುಕೊಂಡು ಮೊದಲು ಕಂಪನಿಯ ಎಚ್‌ಆರ್ ಹತ್ತಿರ ಹೋಗಿ. ಕೇಳಲಿಲ್ಲವೆಂದರೆ ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯ ಕಚೇರಿಗೆ ಹೋಗಿ ಬರಹದಲ್ಲಿ ದೂರು ಕೊಡಿ. ತಾರೀಕು ಸಮೇತ ಬರೆದ ಪುಸ್ತಕ ಇದ್ದರೆ ಅಲ್ಲಿ ನಿಮ್ಮ ಮಾತಿಗೆ ತೂಕ ಇರುತ್ತದೆ.

ಮುಗಿಯುವ ಹೊತ್ತಿಗೆ ಅಖಿಲ ಭಾರತ ಟ್ರೇಡ್ ಟೆಸ್ಟ್ ಬರುತ್ತದೆ. ಅದರಲ್ಲಿ ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್, ಎನ್‌ಎಸಿ ಅಂತ ಎಲ್ಲರೂ ಕೇಳುವ ಕಾಗದ, ಕೈಗೆ ಬರುತ್ತದೆ. ಅರ್ಜಿ ತುಂಬುವ ಕೊನೆಯ ದಿನಾಂಕ ಕಂಪನಿಯವರು ಹೇಳುತ್ತಾರೆ ಅಂತ ಕಾಯಬೇಡಿ, ಆ ನೋಟ್ ಪುಸ್ತಕದ ಮೊದಲ ಪುಟದಲ್ಲೇ ಒಪ್ಪಂದ ಮುಗಿಯುವ ತಿಂಗಳನ್ನು ಕೆಂಪು ಪೆನ್ನಿನಲ್ಲಿ ಬರೆದಿಡಿ, ಎರಡು ತಿಂಗಳು ಮುಂಚೆಯೇ ಹೋಗಿ ವಿಚಾರಿಸಿ.